ಮರ ಉಂಟು, ಬಳ್ಳಿ ಎಲ್ಲುಂಟು?

ಕಾಸರಗೋಡಿನ ಆದೂರು, ಬಂದಡ್ಕ ಕಡೆಯ ಕಾಡಂಚುಗಳಲ್ಲಿ ಕಪ್ಪೆಬಾಯಿ ಹಕ್ಕಿಯ (ಶ್ರೀಲಂಕಾ ಫ್ರಾಗ್‌ಮೌತ್) ನೆಲೆಗಳನ್ನು ಗುರುತಿಸುವ ಸಮೀಕ್ಷೆಗೆ ಕ್ಷೇತ್ರ ಸಹಾಯಕನಾಗಿ ಸೇರಿದ್ದ ಎರಡನೆಯ ವರ್ಷ ನಾನೊಂದು ತಪ್ಪು ವರದಿ ಬರೆದೆ.

ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾಗಳಲ್ಲಷ್ಟೇ ಇರುವ, ಸುಮಾರು 23 ಸೆಂಟಿಮೀಟರ್ ಉದ್ದದ ಈ ನಿಶಾಚರಿ ರಾತ್ರಿ ಕೀಟಗಳನ್ನು ಹಿಡಿದು ತಿನ್ನುತ್ತದೆ. ಹಗಲಿಡೀ ಬೂದು ಬಣ್ಣದ ಗಂಡೂ ಕೆಂಗಂದು ಹೆಣ್ಣೂ ಒಂದೇ ಕೊಂಬೆಯಲ್ಲಿ ಮೈಗೆ ಮೈ ತಾಗಿಸಿ, ತರಗೆಲೆಯ ಮುದ್ದೆಯಂತೆ ಅಲುಗಾಡದೆ ಕೂತಿರುತ್ತವೆ. ಮೊದಲ ವರ್ಷ ಪಯಸ್ವಿನಿ ಹೊಳೆಗೆ ಸೇರುವ ತೋಡೊಂದರ ಬದಿಯಲ್ಲಿ, ಬಳ್ಳಿ ಹೆಣೆದುಕೊಂಡ ಪೊದೆಯೊಳಗೆ ಅಂಥ ಜೋಡಿಯೊಂದನ್ನು ಕಂಡಿದ್ದೆ. ಮರುವರ್ಷ ಅಲ್ಲಿಯೇ ಮೂರು ರಾತ್ರಿ ಕಾದರೂ ಕೂಗು ಕೇಳಿಸಲಿಲ್ಲ. ಉಪಗ್ರಹ ಚಿತ್ರದಲ್ಲಿ ಹಸಿರು ಇದ್ದಂತೆಯೇ ಇದ್ದುದರಿಂದ ‘ಕಾಡಿನಲ್ಲಿ ಬದಲಾವಣೆಯಿಲ್ಲ, ಹಕ್ಕಿ ಇಲ್ಲ’ ಎಂದು ಸಮೀಕ್ಷೆಯ ನಮೂನೆ ತುಂಬಿಸಿದೆ.

ಬೆಳಗಿನ ಜಾವ ತಲೆಗೆ ಲೈಟು ಕಟ್ಟಿಕೊಂಡು ಪಕ್ಕದ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ ಹಿರಿಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕರು: “ಮರ ಉಂಟು ಮಾಷ್ಟ್ರೇ, ಬಳ್ಳಿ ಎಲ್ಲುಂಟು?”

ಹಗಲು ಹೋಗಿ ನೋಡಿದೆ. ದೊಡ್ಡ ಮರಗಳು ಯಥಾಪ್ರಕಾರ ನಿಂತಿದ್ದವು. ಕೆಳಗಿನ ಪೊದೆ, ಬಳ್ಳಿ, ಎಳೆಯ ಗಿಡಗಳನ್ನೆಲ್ಲ ಸೊಪ್ಪಿಗೂ ಸೌದೆಗೂ ಸವರಿದ್ದರು. ಮೇಲಿನ ಕೊಡೆ ಮುಚ್ಚಿಕೊಂಡಿರುವವರೆಗೆ ಉಪಗ್ರಹಕ್ಕೆ ಇದು ಕಾಣುವುದಿಲ್ಲ, ಆದರೆ ಹಕ್ಕಿಗೆ ಹಗಲು ಕಳೆಯಲು ಬೇಕಾದದ್ದು ಆ ಕೆಳಗಿನ ಮರೆಯೇ. ನಯವಾದ ಗರಿಗಳನ್ನು ಒತ್ತಿ ಹೊರಗೆ ಕಲ್ಲುಹೂ ಮೆತ್ತಿದ ಪುಟ್ಟ ಗೂಡಿನಲ್ಲಿ ಅದು ಇಡುವುದು ಒಂದೇ ಮೊಟ್ಟೆ, ಹಗಲು ಕಾವು ಕೊಡುವುದು ಗಂಡು. ಬಯಲಾದ ಕೊಂಬೆಯಲ್ಲಿ ತರಗೆಲೆಯ ವೇಷ ಯಾರನ್ನೂ ಮೋಸಗೊಳಿಸದು.

ಬಹುಕಾಲ ಅಪರೂಪವೆಂದುಕೊಂಡಿದ್ದ ಈ ಹಕ್ಕಿ ಈಚೆಗೆ ದಾಂಡೇಲಿ, ಗೋವಾ ಕಡೆಗಳಲ್ಲಿಯೂ ದಾಖಲಾಗಿದೆ. ನಕ್ಷೆಯಲ್ಲಿ ಅದರ ವ್ಯಾಪ್ತಿ ಹಿಗ್ಗಿದ್ದು ಕಾಡು ಬೆಳೆದದ್ದರಿಂದಲ್ಲ, ಕಿವಿಗೊಟ್ಟು ಕೇಳುವವರು ಹೆಚ್ಚಿದ್ದರಿಂದ ಎಂದೇ ನನ್ನ ಅನಿಸಿಕೆ. ಹೊರಗೆರೆ ಅಲುಗದೆ ಒಳಗೊಳಗೇ ಒಂದೊಂದು ತೋಡಿನ ಬದಿ ಬರಿದಾಗುವುದನ್ನು ಆ ನಕ್ಷೆ ತೋರಿಸದು.

ನಮೂನೆಗೆ ಈಗ ಎರಡು ಅಂಕಣ ಸೇರಿಸಿದ್ದೇನೆ: ಆಳೆತ್ತರದಲ್ಲಿ ಎಷ್ಟು ಮರೆಯಿದೆ, ಬಳ್ಳಿಗಳು ಉಳಿದಿವೆಯೇ. ‘ಹಕ್ಕಿ ಇಲ್ಲ’ ಎಂಬಲ್ಲಿ ‘ಕೇಳಿಸಲಿಲ್ಲ’ ಎಂದು ತಿದ್ದಿದ್ದೇನೆ. ಕಳೆದ ಬಾರಿ ಅದೇ ತೋಡಿನ ಮೇಲ್ಭಾಗದ ಓಟೆ ಬಿದಿರಿನ ಹಿಂಡಿಲ ಬಳಿ, ಮುಸ್ಸಂಜೆಯಲ್ಲಿ, ಹೆಣ್ಣಿನ ಕರ್ಕಶ ಕೂಗು ಒಮ್ಮೆ ಕೇಳಿಸಿತು. ಹಗಲು ತಂಗುವ ಕೊಂಬೆ ಇನ್ನೂ ಸಿಕ್ಕಿಲ್ಲ. ನಮೂನೆಯಲ್ಲಿ ಅದರ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.