ಚೀಲ ಎಲ್ಲಿಡುತ್ತಾರೆ?

ನಮ್ಮ ಸಮಾಜಕಾರ್ಯ ವಿಭಾಗದ ಹಳಬರು ಸೇರಿದಾಗಲೆಲ್ಲ, ನಗರ ಬಡತನದ ಪಾಠ ಮಾಡುತ್ತಿದ್ದ ಮೇಡಂ ಅವರ ಮಾತು ಬಂದೇ ಬರುತ್ತದೆ. ಪಾಠಕ್ಕಿಂತ ಹೆಚ್ಚಾಗಿ ಅವರ ಬೈಗುಳ. ಕ್ಷೇತ್ರಕಾರ್ಯದ ವರದಿಯಲ್ಲಿ ಯಾರಾದರೂ ಕಣ್ಣೀರಿನ ಕಥೆ ಬರೆದರೆ ಕೆಂಪು ಶಾಯಿಯಲ್ಲಿ ಗೀಟೆಳೆದು, "ಕೂಲಿ ಎಷ್ಟು? ಸ್ನಾನ ಎಲ್ಲಿ? ಚೀಲ ಎಲ್ಲಿಡುತ್ತಾರೆ?" ಎಂದು ಪಕ್ಕದಲ್ಲಿ ಬರೆಯುತ್ತಿದ್ದರು.

ಚೀಲದ ಪ್ರಶ್ನೆ ತಿಳಿದದ್ದು ರಾತ್ರಿ ಹೊತ್ತು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೋದಾಗ. ಯಾದಗಿರಿ ಕಡೆಯಿಂದ ಗುಳೆ ಬಂದಿದ್ದ ಹಮಾಲರೊಬ್ಬರು ತಳ್ಳುಗಾಡಿಯ ಮೇಲೆ ಗೋಣಿತಾಟು ಹಾಸುತ್ತಿದ್ದರು. ಅವರ ಚೀಲ ಪರಿಚಯದ ಅಂಗಡಿಯಲ್ಲಿತ್ತು, ಅದಕ್ಕೂ ದಿನಬಾಡಿಗೆ. ಆಧಾರ್ ಕಾರ್ಡನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ರೂಮು ಮಾಡಬಹುದಲ್ಲ?" ಎಂದು ನಮ್ಮವನೊಬ್ಬ ಕೇಳಿದ. "ತರಕಾರಿ ಲಾರಿ ನಸುಕಿಗೇ ಬರುತ್ತದೆ ತಮ್ಮಾ. ನಾನು ದೂರದಿಂದ ಬರುವಷ್ಟರಲ್ಲಿ ಬೇರೆಯವರು ಮೂಟೆ ಹೊತ್ತಿರುತ್ತಾರೆ."

ಕಂಬಳಿ ಒಯ್ಯಲು ಮೇಡಂ ಬಿಟ್ಟಿರಲಿಲ್ಲ. ಕೊಡುವುದಿದ್ದರೆ ಇನ್ನೊಂದು ದಿನ ಹೋಗಿ ಕೊಡಿ, ಇವತ್ತು ಕೇಳಿಸಿಕೊಂಡು ಬನ್ನಿ ಎಂದಿದ್ದರು. ಆ ಚಳಿಯಲ್ಲಿ ಈ ಕಟ್ಟುನಿಟ್ಟು ನನಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ.

ಮರುದಿನ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ 17.7 ಲಕ್ಷ ಎಂದು ಬರೆದರು. 2011ರ ಜನಗಣತಿ ದೇಶದಲ್ಲಿ ಲೆಕ್ಕಹಾಕಿದ ವಸತಿಹೀನರು. "ಇದು ಫೆಬ್ರುವರಿ 28ರ ಒಂದು ರಾತ್ರಿಯ ಎಣಿಕೆ. ಆಗ ಲಾರಿ ಇಳಿಸುತ್ತಿದ್ದವರು ಯಾರ ಕಣ್ಣಿಗೆ ಬಿದ್ದಿರುತ್ತಾರೆ?" ಎಂದರು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ ಹತ್ತಡಿಗೆ ಐದಡಿ ಗೆರೆ ಎಳೆದರು. 2013ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದಡಿ ವಸತಿಹೀನರ ತಂಗುದಾಣದಲ್ಲಿ ಒಬ್ಬರಿಗೆ ಇರಬೇಕಿದ್ದ ಜಾಗ 50 ಚದರಡಿ. ಹಾಸಿಗೆ, ಚೀಲ, ತಟ್ಟೆ ಹೊಂದಿಸಿ ತೋರಿಸಿ ಎಂದರು. ಹೊಂದಿಸಿದೆವು. "ಈಗ ಒಂದು ಕೂಸನ್ನು ಮಲಗಿಸಿ."

ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ತಂಗುದಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತ್ತು. ಆಂತರಿಕ ಪರೀಕ್ಷೆಗೆ ಬಂದದ್ದು ಅದೇ: ನಿಮ್ಮ ಊರಿನಲ್ಲಿ ಅದನ್ನು ಎಲ್ಲಿ ಕಟ್ಟುತ್ತೀರಿ? ಊರಾಚೆಯ ಸರ್ಕಾರಿ ಜಾಗ ತೋರಿಸಿದವರಿಗೆಲ್ಲ ಹತ್ತಕ್ಕೆ ಒಂದು. ಎಪಿಎಂಸಿ ಯಾರ್ಡಿನ ಹಿಂದೆ ಕಟ್ಟಿ ಬೀಗವಿರುವ ಕಪಾಟುಗಳನ್ನೂ ಇಡುತ್ತೇನೆಂದ ಹುಬ್ಬಳ್ಳಿಯ ಗೆಳತಿಗೆ ಒಂಬತ್ತು. ಬಸ್ ನಿಲ್ದಾಣದ ಪಕ್ಕ ಕಟ್ಟಿದ ಗೆಳೆಯ ಹೆಂಗಸರಿಗೆ ಬೇರೆ ಕೋಣೆ ಬರೆಯದೆ ನಾಲ್ಕಕ್ಕೆ ನಿಂತ. ಈಗ ನಗರಸಭೆಯೊಂದರಲ್ಲಿ ಸಮುದಾಯ ಸಂಘಟಕನಾಗಿದ್ದಾನೆ. ಆ ಅಂಕದ ಬಗ್ಗೆ ಅವನ ತಕರಾರು ಇನ್ನೂ ಮುಗಿದಿಲ್ಲ.