ಪೇಪರಿನಲ್ಲಿ ಬಂದ ಔಷಧಿ ನಮ್ಮ ಮಾವನಿಗೂ ಆಗ್ತದಾ?

ಶಿರಸಿಯಲ್ಲಿ ಔಷಧಿ ಅಂಗಡಿ ಇಟ್ಟವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಗಂಟಲು ಕ್ಯಾನ್ಸರಿಗೆ ಹೊಸ ಔಷಧಿ ಬಂತೆಂಬ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ, "ನಮ್ಮ ಮಾವನ ಕೆನ್ನೆಯದಕ್ಕೂ ಇದು ಆಗ್ತದಾ?" ಎನ್ನುತ್ತಾರೆ. ಆ ಔಷಧಿಯ ಪ್ರಯೋಗದಲ್ಲಿದ್ದ ರೋಗಿಗಳಿಗೆ ಕ್ಯಾನ್ಸರ್ ಎಲ್ಲಿ ಹುಟ್ಟಿತ್ತು, ಯಾತರಿಂದ ಹುಟ್ಟಿತ್ತು ಎಂದು ನೋಡದೆ ಹೌದೆನ್ನುವುದು, ರಾಶಿ ಅಡಿಕೆಯ ದರ ಓದಿಕೊಂಡು ಬೇರೆ ಬಗೆಯ ಚಾಲಿ ಅಡಿಕೆ ಮಾರಲು ಹೊರಟಂತೆ.

ನಮ್ಮ ಕಡೆ ಹೆಚ್ಚು ಕಾಣುವುದು ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಕ್ಯಾನ್ಸರ್. ಕವಳ (ಎಲೆ-ಅಡಿಕೆ), ಹೊಗೆಸೊಪ್ಪು, ಗುಟ್ಕಾ ಕಾರಣ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆ ಏನೂ ಮಾಡುವುದಿಲ್ಲ ಎಂದು ತೋಟದವರು ವಾದಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು 2004ರ ವರದಿಯಲ್ಲಿ ಹೇಳಿಯಾಗಿದೆ. (ನನ್ನದೂ ತೋಟ ಇದೆ, ಏನು ಮಾಡುವುದು!)

ಅಮೆರಿಕ, ಯುರೋಪಿನಲ್ಲಿ ಟಾನ್ಸಿಲ್ ಮತ್ತು ನಾಲಿಗೆ ಬುಡದ ಕ್ಯಾನ್ಸರಿಗೆ ಬಹುತೇಕ ಎಚ್‌ಪಿವಿ ವೈರಸ್ ಕಾರಣ. ಈ ವೈರಸ್‌ನಿಂದ ಬಂದ ಕ್ಯಾನ್ಸರ್ ಚಿಕಿತ್ಸೆಗೆ ಬೇಗ ಬಗ್ಗುತ್ತದೆ. 2010ರ ಒಂದು ಅಧ್ಯಯನದಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ವೈರಸ್ ಇದ್ದ ಗುಂಪಿನಲ್ಲಿ ಶೇ 82, ಇಲ್ಲದ ಗುಂಪಿನಲ್ಲಿ ಶೇ 57. ಪ್ರಯೋಗದಲ್ಲಿ ಅಂಥವರೇ ತುಂಬಿಕೊಂಡರೆ ಯಾವ ಔಷಧಿಯೂ ಚೆನ್ನಾಗಿಯೇ ಕಾಣುತ್ತದೆ! ಹಾಗಾಗಿ ಈಗ ಅವರನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ.

ಚಿಕಿತ್ಸೆಯ ದಾರಿಯೂ ಬೇರೆ. ಕೆನ್ನೆಯದಕ್ಕೆ ಸಾಧಾರಣವಾಗಿ ಮೊದಲು ಆಪರೇಷನ್. ಗಂಟಲಿನದಕ್ಕೆ ಹೆಚ್ಚಾಗಿ ಕರೆಂಟು (ವಿಕಿರಣ ಚಿಕಿತ್ಸೆ), ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕಿಮೊ ಔಷಧಿ. ಕರೆಂಟಿನ ಜೊತೆ ಪರೀಕ್ಷೆಯಾದ ಔಷಧಿಯನ್ನು ಆಪರೇಷನ್ ಆಗಬೇಕಾದವರಿಗೆ ಹಾಗೇ ಹೊಂದಿಸಲು ಬರುವುದಿಲ್ಲ. ಮೂಗಿನ ಹಿಂಭಾಗದ್ದು, ಜೊಲ್ಲಿನ ಗ್ರಂಥಿಯದು, ಥೈರಾಯ್ಡಿನದು ಇವುಗಳ ಪ್ರಯೋಗಗಳೇ ಪ್ರತ್ಯೇಕ.

ನಮ್ಮವರಿಗೆ ಹತ್ತಿರವೆಂದು ನಾನು ತೋರಿಸುವುದು ಮುಂಬೈನ ಟಾಟಾ ಮೆಮೋರಿಯಲ್ 2022ರಲ್ಲಿ ಪ್ರಕಟಿಸಿದ ಪ್ರಯೋಗ. ಅದರಲ್ಲಿ ಬಹುಪಾಲು ಬಾಯಿ ಕ್ಯಾನ್ಸರಿನವರೇ. ನುಂಗುವ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ ನಿವೊಲುಮ್ಯಾಬ್ ಔಷಧಿಯನ್ನು ಬರೀ 20 ಮಿಲಿಗ್ರಾಂ ಕೊಟ್ಟರು. ರೂಢಿಯ ಡೋಸು ಎರಡು ವಾರಕ್ಕೆ 240. ವರ್ಷದ ನಂತರ ಬದುಕಿದ್ದವರು ಬರೀ ಮಾತ್ರೆಯ ಗುಂಪಿನಲ್ಲಿ ಶೇ 16, ಇದನ್ನೂ ಸೇರಿಸಿದ ಗುಂಪಿನಲ್ಲಿ ಶೇ 43. ಖರ್ಚಿನ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ.

ಆದರೆ ಅವರೆಲ್ಲ ಪೂರ್ತಿ ಗುಣವಾಗುವ ಹಂತ ದಾಟಿದವರು. ಮಾವನ ಗಡ್ಡೆ ಇನ್ನೂ ತೆಗೆಯಲು ಬರುವಂತಿದ್ದರೆ ಇದಕ್ಕಾಗಿ ಕಾಯಬೇಡಿ. ಬಯಾಪ್ಸಿ ರಿಪೋರ್ಟ್ ಹಿಡಿದುಕೊಂಡು ಹುಬ್ಬಳ್ಳಿಗೋ ಮಂಗಳೂರಿಗೋ ಈ ವಾರವೇ ಹೊರಡಿ.