ಚಿಕ್ಕಮ್ಮನ ಸೆಂಟು: ವೆನಿಲ್ಲಾ ತೆಗೆದ ಮೇಲೆ

ಮಲ್ಲಿಗೆ ಸೆಂಟಿನ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಸಿಹಿ ಇದೆ, ಹೂವೂ ಇದೆ, ಮೂಗಿಗೆ ಹೊಡೆಯುವುದಿಲ್ಲ. ಕಳೆದ ಸಲ ಬರೆದಾಗ ವೆನಿಲ್ಲಾ ಇಟ್ಟುಕೊಂಡೇ ಮುಂದುವರಿಯೋಣ ಅಂತಿದ್ದೆ. ಈಗ ಅದನ್ನು ಪೂರ್ತಿ ಕೈಬಿಟ್ಟಿದ್ದೇನೆ.

ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ. ಇದು ಮಂಡ್ಯದಲ್ಲಿರುವ ನಮ್ಮ ಚಿಕ್ಕಮ್ಮನಿಗಾಗಿ ಮಾಡುತ್ತಿರುವ ಸೆಂಟು. ಚಿಕ್ಕಮ್ಮ ಬ್ಲೌಸ್ ಹೊಲಿಯುತ್ತಾರೆ. ಮನೆಯ ಮುಂದಿನ ರೂಮೇ ಅಂಗಡಿ. ಒಂದು ಫ್ಯಾನು, ಎರಡು ಮಿಷಿನ್ನು, ಗೋಡೆ ತುಂಬ ನೇತುಹಾಕಿದ ಬ್ಲೌಸುಗಳು. ಅಳತೆ ತಗೊಳ್ಳುವಾಗ ಗಿರಾಕಿಗೆ ತೀರಾ ಹತ್ತಿರ ನಿಲ್ಲಬೇಕು. ಹಾಗಾಗಿ ಸೆಂಟು ಒಂದು ಮೊಳ ದೂರಕ್ಕೆ ಗೊತ್ತಾಗಬೇಕು, ಬಾಗಿಲಾಚೆ ಹೋಗಬಾರದು. ನನ್ನ ಲೆಕ್ಕಾಚಾರವೆಲ್ಲ ಈ ಒಂದು ಮೊಳದ ಮೇಲೆ ನಿಂತಿದೆ.

ಅಂಗಡಿಯಲ್ಲಿ ಸಿಹಿ ಹೂವಿನ ಸೆಂಟು ಕೇಳಿದರೆ ‘ಸಾಫ್ಟ್ ಸ್ವಭಾವದವರಿಗೆ, ಕಾಲೇಜು ಹುಡುಗೀರಿಗೆ’ ಅಂತ ಹೇಳಿ ಕೊಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಚಿಕ್ಕಮ್ಮ ಸಾಫ್ಟ್ ಅಲ್ಲವೇ ಅಲ್ಲ. ಬಟ್ಟೆ ಸಾಲದಿದ್ದರೆ ಮುಖಕ್ಕೇ ಹೇಳುತ್ತಾರೆ. ಕೊಟ್ಟ ಮಾತಿನ ದಿನಕ್ಕೆ ಬ್ಲೌಸ್ ರೆಡಿ ಇರುತ್ತದೆ. ಮದುವೆ ಹುಡುಗಿ ಬಂದರೆ ಮೊದಲು ಕಾಫಿ, ಆಮೇಲೆ ಟೇಪು. ಕಷ್ಟದಲ್ಲಿರುವ ಮನೆಯ ಹುಡುಗಿ ಅಂತ ಗೊತ್ತಾದರೆ ಕೂಲಿ ಕೇಳುವುದಿಲ್ಲ, ‘ಹುಕ್ಸ್ ಮಾತ್ರ ನೀನೇ ಹಾಕ್ಕೊ’ ಅಂತ ಗದರಿ ಕಳಿಸುತ್ತಾರೆ. ಸಿಹಿ ಹೂವಿನ ಸೆಂಟು ನಿಜವಾಗಿ ಒಪ್ಪುವುದು ಇಂಥವರಿಗೆ. ಯಾಕೆಂದರೆ ಮಲ್ಲಿಗೆಯೇ ಬರೀ ಸಿಹಿ ಅಲ್ಲ. ಅದರೊಳಗೆ ಒಂದು ಖಾರ ಇದೆ.

ಮೊದಲು ವೆನಿಲ್ಲಾ ವಿಷಯ ಮುಗಿಸುತ್ತೇನೆ. ಸಿಹಿ ಬೇಕು ಅಂದರೆ ಎಲ್ಲರೂ ಕೈಹಾಕುವುದು ವೆನಿಲ್ಲಾದ ಘಮ ಕೊಡುವ ವೆನಿಲಿನ್‌ಗೆ, ಇಲ್ಲವೇ ಎಥೈಲ್ ಮಾಲ್ಟಾಲ್‌ಗೆ. ಎರಡನೆಯದು ಕಾಯಿಸಿದ ಸಕ್ಕರೆಯ ಘಮ. 1992ರಲ್ಲಿ ಬಂದ ಏಂಜೆಲ್ ಸೆಂಟಿನಿಂದ ಅದು ಲೋಕಕ್ಕೆಲ್ಲ ಪರಿಚಯವಾಯಿತು. ಎರಡನ್ನೂ ಹಾಕಿದ್ದ ಸೀಸೆಯನ್ನು ಚಿಕ್ಕಮ್ಮ ಮೂಸಿ, ‘ಬೇಕರಿ ಮುಂದೆ ನಿಂತಂಗದೆ ಕಣಪ್ಪ, ಹೂವೆಲ್ಲೋಯ್ತು?’ ಅಂದರು. ಮಾಲ್ಟಾಲ್ ಅವತ್ತೇ ಹೋಯಿತು. ವೆನಿಲಿನ್‌ಗೆ ಬೇರೆಯೇ ತೊಂದರೆ. ಮಲ್ಲಿಗೆ ಸಾರದಲ್ಲಿ ಮಿಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ ಇರುತ್ತದೆ. ವೆನಿಲಿನ್ ಅದರ ಜೊತೆ ಸೇರಿದರೆ ನಿಧಾನಕ್ಕೆ ಬಣ್ಣ ತಿರುಗುತ್ತದೆ. ನಮ್ಮ ಸೀಸೆಯೂ ತಿಳಿ ಹಳದಿಯಿಂದ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂತು. ದಿನವಿಡೀ ಬೇರೆಯವರ ರೇಷ್ಮೆ ಬಟ್ಟೆ ಮುಟ್ಟುವ ಕೈಗೆ ಇದನ್ನು ಹೇಗೆ ಕೊಡೋದು? ಒಂದು ಬಿಳಿ ಲೈನಿಂಗ್ ತುಂಡಿನ ಮೇಲೆ ಹಚ್ಚಿ ನೋಡಿದೆ. ಒಗೆದರೂ ಕಂದು ಅಂಚು ಉಳಿಯಿತು.

ಹಾಗಾದರೆ ಸಿಹಿ ಎಲ್ಲಿಂದ ತರೋದು? ಹೂವಿನಿಂದಲೇ ತರಬೇಕು. ಇಲ್ಲಿ ಮೈಸೂರಿನ ದೇವರಾಜ ಮಾರ್ಕೆಟ್ಟಿನಿಂದ ಮೈಸೂರು ಮಲ್ಲಿಗೆ, ದುಂಡು ಮಲ್ಲಿಗೆ, ಸುಗಂಧರಾಜ ಮೂರನ್ನೂ ತಂದು ಬೇರೆ ಬೇರೆ ಬಟ್ಟಲಲ್ಲಿಟ್ಟು ಸಂಜೆಯಿಂದ ಬೆಳಗಿನವರೆಗೆ ಆಗಾಗ ಮೂಸಿದೆ. ಮಲ್ಲಿಗೆ ಕಿತ್ತ ಮೇಲೂ ಘಮ ಬಿಡುತ್ತಲೇ ಇರುತ್ತದೆ. ದುಂಡು ಮಲ್ಲಿಗೆ ಮೊಗ್ಗು ಬಿರಿಯುವ ಹೊತ್ತಿಗೆ ಹಸಿರು ವಾಸನೆ, ಜೊತೆಗೆ ಬಾಳೆಹಣ್ಣಿನ ಛಾಯೆ. ಅದು ಬೆಂಜೈಲ್ ಅಸಿಟೇಟ್ ಎಂಬ ರಾಸಾಯನಿಕದ್ದು. ರಾತ್ರಿಯಾದಂತೆ ಭಾರವಾಗುತ್ತದೆ. ಬೆಳಿಗ್ಗೆ ದಳ ಬಾಡುವಾಗ, ಮಲ್ಲಿಗೆಯೊಳಗಿನ ಖಾರ ಅಂದೆನಲ್ಲ, ಆ ಇಂಡೋಲ್ ಮೇಲೆ ಬರುತ್ತದೆ. ಸುಗಂಧರಾಜ ನನಗೆ ಬಹಳ ಇಷ್ಟ, ಆದರೆ ಆ ಸಣ್ಣ ರೂಮಿಗೆ ಜಾಸ್ತಿಯಾಯಿತು. ಅದನ್ನು ಬಿಟ್ಟೆ.

ಮೈಸೂರು ಮಲ್ಲಿಗೆಯ ಅಬ್ಸೊಲ್ಯೂಟ್, ಅಂದರೆ ಹೂವಿನ ಗಟ್ಟಿ ಸಾರ, ನನಗೆ ಎಲ್ಲೂ ಸಿಕ್ಕಿಲ್ಲ. ದುಂಡು ಮಲ್ಲಿಗೆಯದ್ದು ಸಿಗುತ್ತದೆ, ಅದನ್ನೇ ಬಳಸುತ್ತಿದ್ದೇನೆ. ಮಲ್ಲಿಗೆಯನ್ನು ಶ್ರೀಗಂಧದ ಹಾಗೆ ಹಬೆಯಲ್ಲಿ ಭಟ್ಟಿ ಇಳಿಸಿದರೆ ಘಮ ಕೆಡುತ್ತದೆ. ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ ‘ಕಾಂಕ್ರೀಟ್’ ಅನ್ನುವ ಮೇಣದಂಥ ಮುದ್ದೆ ತೆಗೆದು, ಅದನ್ನು ಆಲ್ಕೋಹಾಲ್‌ನಲ್ಲಿ ತೊಳೆದರೆ ಅಬ್ಸೊಲ್ಯೂಟ್. ಒಂದು ಕೆಜಿ ಬರಬೇಕಾದರೆ ಹತ್ತಿರ ಹತ್ತಿರ ಸಾವಿರ ಕೆಜಿ ಹೂ ಬೇಕು. ಯಾರಾದರೂ ನೂರಿನ್ನೂರು ರೂಪಾಯಿಗೆ ‘ಪ್ಯೂರ್ ಮಲ್ಲಿಗೆ ಎಣ್ಣೆ’ ಕೊಟ್ಟರೆ ಅದರಲ್ಲಿ ಹೂ ಎಷ್ಟಿದೆ ಅಂತ ನೀವೇ ಯೋಚಿಸಿ.

ಈಗ ಇಂಡೋಲ್. ಇಡೀ ಸೆಂಟಿನ ಜೀವ ಇದು. ಹರಳನ್ನು ನೇರವಾಗಿ ಮೂಸಿದರೆ ನುಸಿಗುಳಿಗೆ ವಾಸನೆ, ಹಿಂದೆಯೇ ಏನೋ ಕೊಳೆತ ಹಾಗೆ. ಯಾರಿಗೂ ಇಷ್ಟವಾಗಲ್ಲ. ಆದರೆ ಅದನ್ನು ಪೂರ್ತಿ ಬಿಟ್ಟು ಒಂದು ಸೀಸೆ ಮಾಡಿದರೆ ಬಾತ್‌ರೂಮ್ ಫ್ರೆಶ್ನರ್ ಆಗುತ್ತದೆ. ಎರಡು ಕಾಗದದ ಪಟ್ಟಿ ಪಕ್ಕ ಪಕ್ಕ ಹಿಡಿದು ಮೂಸಿ ನೋಡಿ. ಇಂಡೋಲ್ ಇಲ್ಲದ್ದು ಚಪ್ಪಟೆ, ಎಲ್ಲರಿಗೂ ನಗುವ ಸಿಹಿ. ನೂರು ಪಾಲಿನಲ್ಲಿ ಬರೀ ಅರ್ಧ ಪಾಲು ಇಂಡೋಲ್ ಬಿದ್ದದ್ದು ಮುಡಿದ ಹೂ, ಮೈಬಿಸಿಗೆ ತಾಗಿದ ಹೂ. ಚಿಕ್ಕಮ್ಮನ ಗದರಿಕೆ ಇದೇ ಅಂತ ನನಗೆ ಅನಿಸಿತು. ಅದನ್ನು ತೆಗೆದರೆ ಅವರ ಪ್ರೀತಿಗೂ ರುಚಿ ಇರುವುದಿಲ್ಲ.

ಈಗಿನ ಲೆಕ್ಕ, ನೂರು ಪಾಲಿಗೆ: ಹೆಡಿಯೋನ್ 35, ಬೆಂಜೈಲ್ ಅಸಿಟೇಟ್ 20, ಲಿನಲೂಲ್ 14, ಶ್ರೀಗಂಧದ ಎಣ್ಣೆ 12, ಬೆಂಜೈಲ್ ಸ್ಯಾಲಿಸಿಲೇಟ್ 11.5, ದುಂಡು ಮಲ್ಲಿಗೆ ಅಬ್ಸೊಲ್ಯೂಟ್ 6, ಗಾಮಾ ಡೆಕಲ್ಯಾಕ್ಟೋನ್ 1, ಇಂಡೋಲ್ 0.5. ಹೆಡಿಯೋನ್ ಎಂಬ ರಾಸಾಯನಿಕ 1966ರ ಓ ಸೋವಾಜ್ ಎಂಬ ಗಂಡಸರ ಸೆಂಟಿನಲ್ಲಿ ಹೆಸರು ಮಾಡಿದ್ದು. ಮಲ್ಲಿಗೆಗೆ ಗಾಳಿ ಕೊಡುವುದು ಅದೇ. ಡೆಕಲ್ಯಾಕ್ಟೋನ್ ಪೀಚ್ ಹಣ್ಣಿನ ಸಿಹಿ, ವೆನಿಲ್ಲಾ ಬಿಟ್ಟ ಜಾಗಕ್ಕೆ ಸ್ವಲ್ಪದರಲ್ಲೇ ಸಾಕು. ಉಳಿದ ಸಿಹಿ ಶ್ರೀಗಂಧದ್ದು, ಹಾಲಿನ ಕೆನೆಯಂಥದ್ದು. ಶ್ರೀಗಂಧದ ಎಣ್ಣೆಗೆ ಹೆಸರಾದ ಮೈಸೂರಲ್ಲಿ ಕೂತು ಬೇರೆ ಮರ ಹಾಕುವ ಮನಸ್ಸಾಗಲಿಲ್ಲ, ದುಬಾರಿಯಾದರೂ ಸರಿ. ಈ ಇಡೀ ಮಿಶ್ರಣದ 12 ಪಾಲು, ಮಿಕ್ಕ 88 ಪಾಲು ಎಂಸಿಟಿ ಎಂಬ ಜಿಗುಟಿಲ್ಲದ ತೆಂಗಿನ ತೆಳು ಎಣ್ಣೆ. ರೋಲಾನ್ ಸೀಸೆಗೆ ತುಂಬಿದೆ. ಮಾಡಿ ನೋಡುವವರು ಮೊದಲು ಮೊಣಕೈ ಒಳಗೆ ಒಂದು ಚುಕ್ಕಿ ಹಚ್ಚಿ ಒಂದು ದಿನ ಕಾಯಿರಿ.

ಮಂಡ್ಯಕ್ಕೆ ಹೋಗಿ ಹಾಕಿಸಿ ನೋಡಿದೆ. ಎಣ್ಣೆಯಾದ್ದರಿಂದ ಮುಂಗೈಗೆ ಬೇಡ ಅಂದೆ. ಕಿವಿ ಹಿಂದೆ, ಕತ್ತಿನ ಹಿಂದೆ ಮಾತ್ರ. ಮೊದಲ ಗಂಟೆ ಹಣ್ಣು, ಹೂವು. ಮಧ್ಯಾಹ್ನದ ಸೆಕೆಗೆ ಬಾಳೆಹಣ್ಣಿನ ಛಾಯೆ ಹಾರಿಹೋಗಿ ಮಲ್ಲಿಗೆ ಮೈಗೆ ಅಂಟಿತು. ಅಳತೆ ಕೊಡುತ್ತಿದ್ದ ಹುಡುಗಿ ‘ಆಂಟಿ, ಏನ್ ಹಾಕಿದ್ದೀರ?’ ಅಂತ ಕೇಳಿದಳು. ಬೆಂಚಿನ ಮೇಲಿದ್ದ ಅವಳ ಅಮ್ಮನಿಗೆ ಗೊತ್ತೇ ಆಗಿರಲಿಲ್ಲ. ಒಂದು ಮೊಳ ಅಂದರೆ ಒಂದೇ ಮೊಳ! ಚಿಕ್ಕಮ್ಮ ಮಾತ್ರ ‘ಘಮ್ಮಂತದೆ, ಆದ್ರೆ ಸಾಯಂಕಾಲ ದೇವರ ಮನೆ ವಾಸ್ನೆ ಬತ್ತದೆ’ ಅಂದರು. ಸರಿಯಾಗಿಯೇ ಹಿಡಿದಿದ್ದಾರೆ. ಹೂ ಇಳಿದ ಮೇಲೆ ಶ್ರೀಗಂಧ ಒಂದೇ ಉಳಿಯುತ್ತಿದೆ.

ಮುಂದಿನ ಮಿಶ್ರಣದಲ್ಲಿ ಶ್ರೀಗಂಧ 9ಕ್ಕೆ ಇಳಿಸಿ, ಆ 3 ಪಾಲನ್ನು ಬೆಂಜೈಲ್ ಸ್ಯಾಲಿಸಿಲೇಟ್‌ಗೆ ಕೊಡುತ್ತೇನೆ. ಅದು ಹೂವನ್ನು ಸಂಜೆಯವರೆಗೆ ಎಳೆಯಬೇಕು. ಇಂಡೋಲ್ ಮುಟ್ಟುವುದಿಲ್ಲ. ಲೈನಿಂಗ್ ತುಂಡಿನ ಪರೀಕ್ಷೆ ಇನ್ನೊಮ್ಮೆ ಆಗಬೇಕು, ಈ ಸಲ ರೇಷ್ಮೆ ತುಂಡಿನ ಮೇಲೂ. ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್ ರಶ್ಶು ಶುರುವಾಗುವುದರೊಳಗೆ ಹೊಸ ಸೀಸೆ ಮಂಡ್ಯಕ್ಕೆ ಮುಟ್ಟಿಸಬೇಕು.